"ಚಿತ್ತಾರ" ಅನ್ನೋ ಪದ ಎಲ್ಲಿಂದ ಬಂತು? ಬಣ್ಣ ಬರೆದ ಎಲ್ಲದಕ್ಕೂ ಬಳಸಬಹುದಾ?

ಮಡಿಕೆ_ಕುಡಿಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ನನ್ನ ತಂಗಿ ಮಣ್ಣಿನ ಹಣತೆ, ಮಡಿಕೆ, ಹೂಜಿಗಳ ಮೇಲೆ ಹೂವು, ಬಳ್ಳಿ, ಗೆರೆ ಎಲ್ಲ ಬಣ್ಣದಲ್ಲಿ ಬರೆದು ಮಾರುತ್ತಾಳೆ. ಈ ಸಲ ದೀಪಾವಳಿಗೆ ಮುಂಚೆ ನಮ್ಮ ಬಡಾವಣೆಯಲ್ಲಿ ಮೇಳ ಇದೆ, ಅಲ್ಲಿ ಒಂದು ಮಳಿಗೆ ಹಾಕುತ್ತಿದ್ದಾಳೆ. ಬೋರ್ಡಿಗೆ "ಚಿತ್ತಾರದ ಮಡಿಕೆಗಳು" ಅಂತ ಬರೆಸೋಣ ಅಂದೆ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು.

ನಮ್ಮ ದೊಡ್ಡಪ್ಪ ಹೇಳುವುದು, ಮಲೆನಾಡಿನಲ್ಲಿ ಮದುವೆ ಮನೆ ಗೋಡೆ ಮೇಲೆ ಬರೆಯುತ್ತಾರಲ್ಲ, ಅದಕ್ಕೆ ಮಾತ್ರ ಚಿತ್ತಾರ ಅನ್ನಬೇಕು, ಸಿಕ್ಕಿದ್ದಕ್ಕೆಲ್ಲ ಅನ್ನಬಾರದು ಅಂತ. ತಂಗಿಯ ಗೆಳತಿ ಹೇಳುವುದು ಬೇರೆ. ಅದು "ಚಿತ್ತ"ದಿಂದ ಬಂದ ಪದವಂತೆ. ಮನಸ್ಸಿನಲ್ಲಿ ಮೂಡಿದ್ದನ್ನು ಬರೆದರೆ ಚಿತ್ತಾರ, ಎದುರಿಗೆ ಇಟ್ಟುಕೊಂಡು ನೋಡಿ ಬರೆದರೆ ಚಿತ್ರ. ಕೇಳೋಕೆ ತುಂಬಾ ಚೆನ್ನಾಗಿದೆ, ಆದರೆ ನಿಜವಾ? ಇನ್ನು ಪೇಪರ್ ತೆರೆದರೆ ಪಟಾಕಿಗೂ ಚಿತ್ತಾರ, ಸಂಜೆ ಮೋಡಕ್ಕೂ ಚಿತ್ತಾರ, ಮದುಮಗಳ ಕೈ ಮೇಲಿನ ಮದರಂಗಿಗೂ ಚಿತ್ತಾರ.

ಗೊತ್ತಿರುವವರು ದಯವಿಟ್ಟು ಹೇಳಿ. ಪದ ಎಲ್ಲಿಂದ ಬಂತು, ಮೊದಲು ಏನು ಅರ್ಥ ಇತ್ತು, ಈಗ ಮಡಿಕೆಗೆ ಬಳಸಿದರೆ ತಪ್ಪಾಗುತ್ತದಾ? ಮತ್ತೆ ಚಿತ್ತಾರ "ಬರೆಯುವುದಾ" ಅಥವಾ "ಬಿಡಿಸುವುದಾ"? ಬೋರ್ಡಿನ ಕೆಳಗೆ ಒಂದು ಸಾಲು ಹಾಕಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಪದಸಂಚಿ:

ಮೊದಲು "ಚಿತ್ತ"ದ ವಿಷಯ ಮುಗಿಸಿಬಿಡೋಣ. ಮನಸ್ಸು ಅನ್ನುವ ಅರ್ಥದ ಚಿತ್ತಕ್ಕೂ ಚಿತ್ತಾರಕ್ಕೂ ನೆಂಟಸ್ತಿಕೆ ಇಲ್ಲ. ಆ ಚಿತ್ತ ಸಂಸ್ಕೃತದಿಂದ ಹಾಗೇ ಬಂದಿದ್ದು. ಕಾವ್ಯಗಳಲ್ಲಿ ಬರುವ "ಚಿತ್ತೈಸು" ಹುಟ್ಟಿದ್ದು ಅದರಿಂದ. ಚಿತ್ತಾರದ ಬೇರು ಇರುವುದು "ಚಿತ್ರ"ದಲ್ಲಿ. ಪ್ರಾಕೃತದಲ್ಲಿ "ತ್ರ" ಉಳಿಯುವುದಿಲ್ಲ, ಸವೆದು "ತ್ತ" ಆಗುತ್ತದೆ. ಹಾಗಾಗಿ ಪಾಲಿಯಲ್ಲಿ ಚಿತ್ರಕ್ಕೂ ಚಿತ್ತ ಅಂತಲೇ, ಮನಸ್ಸಿಗೂ ಚಿತ್ತ ಅಂತಲೇ ಹೇಳುತ್ತಾರೆ. ನಿಮ್ಮ ತಂಗಿಯ ಗೆಳತಿ ಹೇಳಿದ ಮಾತು ಹುಟ್ಟಿದ್ದೇ ಈ ಹೋಲಿಕೆಯಿಂದ.

ಈ ಸವೆತ ನಮಗೆ ಹೊಸದೇನಲ್ಲ. ಚಿತ್ರಾ ನಕ್ಷತ್ರದ ಮಳೆಗೆ ರೈತರು ಏನನ್ನುತ್ತಾರೆ? ಚಿತ್ತಾ ಮಳೆ, ಚಿತ್ತೆ ಮಳೆ. ಯಾರೂ ಚಿತ್ರಾ ಮಳೆ ಅನ್ನುವುದಿಲ್ಲ. ಛತ್ರಿಕೆ ಸತ್ತಿಗೆ ಆಯಿತು, ದೇವರ ಉತ್ಸವದಲ್ಲಿ ಹಿಡಿಯುತ್ತಾರಲ್ಲ, ಅದು. ಚಿತ್ರದುರ್ಗವನ್ನು ಹಿಂದೆ ಚಿತ್ತಲದುರ್ಗ ಅಂತಲೂ ಕರೆಯುತ್ತಿದ್ದರು, ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ಇರುವುದು ಆ ಹೆಸರೇ. 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣ ಅಂತ ಒಂದು ಭಾಗ ಇಟ್ಟು ಇಂಥ ಬದಲಾವಣೆಗಳ ದಾರಿ ತೋರಿಸಿದ್ದಾನೆ. ನಾವು ಶಾಲೆಯಲ್ಲಿ ತತ್ಸಮ-ತದ್ಭವ ಅಂತ ಬಾಯಿಪಾಠ ಮಾಡಿದ್ದೆಲ್ಲ ಅದೇ.

ಇನ್ನು ಪದದ ಕೊನೆಯ "ಆರ". ಇದೇ ನನಗೆ ತುಂಬಾ ಇಷ್ಟವಾದ ಭಾಗ. ಕುಂಭಕಾರ ಕುಂಬಾರ ಆದ. ಚರ್ಮಕಾರ ಚಮ್ಮಾರ ಆದ. ನಡುವಿನ "ಕ" ಬಿದ್ದುಹೋಗಿ ಎರಡು ಸ್ವರ ಒಂದಾದವು. ಹಾಗೇ ಚಿತ್ರಕಾರ ಪಾಲಿಯಲ್ಲಿ ಚಿತ್ತಕಾರ ಆದ, ನಮ್ಮಲ್ಲಿ ಚಿತ್ತಾರ ಆದ. ಅಂದರೆ ಮೊದಲು ಚಿತ್ತಾರ ಅನ್ನುವುದು ಬರೆಯುವ ಮನುಷ್ಯನ ಹೆಸರು! ಕುಂಬಾರ ಇದ್ದ ಹಾಗೆ ಚಿತ್ತಾರ. ಆಮೇಲೆ ಹೆಸರು ಆಳಿನಿಂದ ಕೆಲಸಕ್ಕೆ ಜಾರಿತು. ಬರೆದವನ ಬದಲು ಬರೆದದ್ದೇ ಚಿತ್ತಾರ ಆಯಿತು. ಈಗ ಬರೆಯುವವರನ್ನು ಕರೆಯಲು ಇನ್ನೊಂದು ಬಾಲ ಬೇಕಾಯಿತು. ಅದಕ್ಕೇ "ಚಿತ್ತಾರಿಗ" ಅಂತ ಬಂತು. "ಚಿತ್ರಗಾರ" ಕೂಡ ಅದೇ ಚಿತ್ರಕಾರನ ಇನ್ನೊಂದು ರೂಪ, ಅಲ್ಲಿ ಕಕಾರ ಬೀಳದೆ ಗಕಾರ ಆಗಿ ಉಳಿಯಿತು. ಮಾಲೆಗಾರ, ಬಳೆಗಾರ ಇದ್ದಾರಲ್ಲ, ಅದೇ "ಗಾರ".

ಇನ್ನೊಂದು ಮಾತು. ಸಂಸ್ಕೃತದಲ್ಲಿ "ಚಿತ್ರ" ಅನ್ನುವುದರ ಹಳೆಯ ಅರ್ಥ ಯಾವುದೋ ವಸ್ತುವಿನ ಪ್ರತಿರೂಪ ಅಂತ ಅಲ್ಲ. ವೇದದಲ್ಲಿ ಅದು ಹೊಳೆಯುವುದು, ಬಣ್ಣಬಣ್ಣದ್ದು, ಚುಕ್ಕೆಚುಕ್ಕೆಯದು ಅನ್ನುವ ಅರ್ಥದಲ್ಲಿ ಬರುತ್ತದೆ. ಹಿಂದಿಯ "ಚೀತಾ" ಬಂದಿದ್ದು "ಚಿತ್ರಕ"ದಿಂದ, ಮೈಮೇಲೆ ಚುಕ್ಕೆ ಇದೆ ಅಂತ. ನಮ್ಮ ಚಿತ್ತಾರ ಈ ಹಳೆಯ ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ ಅಂತ ನನಗನ್ನಿಸುತ್ತದೆ. ಪಾಸ್‌ಪೋರ್ಟಿಗೆ ತೆಗೆಸಿದ ಫೋಟೋವನ್ನು ಭಾವಚಿತ್ರ ಅನ್ನುತ್ತೇವೆ, ಭೂಪಟವನ್ನು ನಕ್ಷೆ ಅನ್ನುತ್ತೇವೆ, ಇವನ್ನು ಯಾರಾದರೂ ಚಿತ್ತಾರ ಅಂದರೆ ಕಿವಿಗೆ ಒಗ್ಗುವುದೇ ಇಲ್ಲ. ಗೆರೆ, ಚುಕ್ಕೆ, ಬಣ್ಣ ಸೇರಿ ಒಂದು ಮೈಯನ್ನು ತುಂಬಿ ಚೆಂದ ಮಾಡಿರಬೇಕು. ಆಗ ಚಿತ್ತಾರ. ಆ ಲೆಕ್ಕದಲ್ಲಿ ನಿಮ್ಮ ತಂಗಿಯ ಮಡಿಕೆಗೆ ಈ ಪದ ಧಾರಾಳವಾಗಿ ಸಲ್ಲುತ್ತದೆ.

ಗಡಿ_ಸೀಮೆ:

ಪದಸಂಚಿ ಸರ್, ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಬೆಳಗಾವಿ ಕಡೆಯವನಾದ್ದರಿಂದ ಒಂದೆರಡು ಸೇರಿಸುತ್ತೇನೆ. ಮರಾಠಿಯಲ್ಲಿ ಬಣ್ಣ ಬರೆಯುವವನಿಗೆ "ಚಿತಾರಿ" ಅನ್ನುತ್ತಾರೆ. ಸಾವಂತವಾಡಿಯಲ್ಲಿ ಮರದ ಹಣ್ಣು, ಆಟಿಕೆ, ಅರಗಿನ ಬಣ್ಣದ ಸಾಮಾನು ಮಾಡುವ ಮನೆತನಗಳಿಗೆ ಚಿತಾರಿ ಅಂತಲೇ ಹೆಸರು. ಗೋವಾದಲ್ಲೂ ಇದ್ದಾರೆ. ಹಿಂದಿಯಲ್ಲಿ "ಚಿತೇರಾ". ಈ ಎರಡು ಕಡೆಯೂ ಅದು ಆಳಿನ ಹೆಸರಾಗಿಯೇ ಉಳಿದಿದೆ. ಕನ್ನಡದಲ್ಲಿ ಮಾತ್ರ ಅದು ವಸ್ತುವಿನ ಹೆಸರಾಗಿ ಇಷ್ಟು ಬಲವಾಗಿ ನಿಂತಿದೆ.

ಆದರೆ ತೆಲುಗಿನ ಕಡೆ ನೋಡಿ. ಅಲ್ಲಿ "ಚಿತ್ತರುವು" ಅಂದರೆ ಚಿತ್ರ. ಅಲ್ಲಿ "ಕಾರ" ಇಲ್ಲ. ಚಿತ್ರ ಅನ್ನುವುದನ್ನೇ ಬಾಯಿಗೆ ಹಗುರ ಮಾಡಿಕೊಂಡು ನಡುವೆ ಒಂದು ಸ್ವರ ತುಂಬಿ ಚಿತ್ತರ, ಚಿತ್ತರುವು ಮಾಡಿಕೊಂಡಿದ್ದಾರೆ. ನಮ್ಮ ಹಳ್ಳಿಗಳಲ್ಲೂ ರಾತ್ರಿಯನ್ನು ರಾತಿರಿ, ಸೂತ್ರವನ್ನು ಸೂತರ ಅನ್ನುತ್ತಾರೆ. ಹಾಗಾದರೆ ವಸ್ತು ಅನ್ನುವ ಅರ್ಥದ ಚಿತ್ತಾರ, ಚಿತ್ತರದಿಂದಲೇ ನೇರವಾಗಿ ಬಂದಿರಬಾರದೇಕೆ? ಚಿತ್ರಕಾರನಿಂದ ಬಂದ ಚಿತ್ತಾರ ಒಂದು, ಚಿತ್ರದಿಂದ ಬಂದ ಚಿತ್ತಾರ ಇನ್ನೊಂದು, ಎರಡೂ ದಾರಿಯಲ್ಲಿ ಸಿಕ್ಕು ಒಂದಾದವು ಅನ್ನುವುದು ನನ್ನ ವಾದ. ಆಗ ಆಳಿನಿಂದ ಕೆಲಸಕ್ಕೆ ಹೆಸರು ಜಾರಿತು ಅಂತ ಹೇಳಬೇಕಾದ ಅಗತ್ಯವೇ ಇಲ್ಲ.

ಪದಸಂಚಿ:

ಗಡಿ_ಸೀಮೆ ಅವರೇ, ಚಿತ್ತರುವಿನ ಮಾತು ತೂಕದ್ದು. ಆದರೆ ಚಿತ್ತರದ ಗಿಡ್ಡ "ತ" ಉದ್ದ "ತಾ" ಯಾಕಾಯಿತು ಅನ್ನುವುದಕ್ಕೆ ಕಾರಣ ಕೊಡಬೇಕಲ್ವಾ? ರಾತಿರಿ, ಸೂತರ ಎರಡರಲ್ಲೂ ತುಂಬಿದ ಸ್ವರ ಗಿಡ್ಡದಾಗಿಯೇ ಉಳಿದಿದೆ. ದೀರ್ಘ ಬರುವುದು ಎರಡು ಸ್ವರ ಕೂಡಿದಾಗ, ಕುಂಬಾರದಲ್ಲಿ ಆದ ಹಾಗೆ. ಅದಕ್ಕೇ ನಾನು ಚಿತ್ರಕಾರನ ಪಕ್ಷ. ಎರಡೂ ಒಂದರ ಮೇಲೊಂದು ಪ್ರಭಾವ ಬೀರಿವೆ ಅನ್ನುವಷ್ಟು ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಮಾಡುವವನ ಹೆಸರು ಮಾಡಿದ ವಸ್ತುವಿಗೆ ಜಾರಲು ಅಂಥ ಒತ್ತಾಸೆ ಬೇಕಾಗಿತ್ತು ಅಂತಲೂ ಇರಬಹುದು.

ಸಾಗರ_ಸೀಮೆಯವಳು:

ನಾನು ಸಾಗರ ತಾಲೂಕಿನವಳು, ದೀವರು ಅನ್ನುವ ಸಮುದಾಯದ ಮನೆಯವಳು. ನಿಮ್ಮ ದೊಡ್ಡಪ್ಪ ಹೇಳಿದ ಗೋಡೆ ಚಿತ್ತಾರ ನಮ್ಮದು. ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ, ಅಂದರೆ ಸಾಗರ, ಸೊರಬ, ಆಚೆ ಸಿದ್ದಾಪುರದ ಹಳ್ಳಿಗಳಲ್ಲಿ ಚಿತ್ತಾರ ಅನ್ನುವುದು ದಿನನಿತ್ಯದ ಮಾತು. ಮದುವೆ ಗೊತ್ತಾದ ಮೇಲೆ ನಡುಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅದರ ಮೇಲೆ ಬರೆಯುತ್ತೇವೆ. ಮದುಮಕ್ಕಳನ್ನು ಕೂರಿಸುವ ಜಾಗದ ಗೋಡೆ ಅದು. ಅದಕ್ಕೇ ಹಸೆ ಗೋಡೆ, ಹಸೆ ಚಿತ್ತಾರ. ಹಸೆ ಅಂದರೆ ಮದುಮಕ್ಕಳು ಕೂರಲು ಹಾಸಿದ್ದು, ಹಸೆಮಣೆ ಅನ್ನುತ್ತೇವಲ್ಲ. ಬರೆಯುವವಳನ್ನು ಚಿತ್ತಾರಗಿತ್ತಿ ಅನ್ನುತ್ತಾರೆ. ಪದಸಂಚಿಯವರು ಹೇಳಿದ ಆ "ಇನ್ನೊಂದು ಬಾಲ" ನಮ್ಮಲ್ಲಿ ಹೆಣ್ಣಿಗೇ ಸೇರಿದೆ ನೋಡಿ. ಪುಸ್ತಕದಲ್ಲಿ ಚಿತ್ತಾರಿಗ ಇರಬಹುದು, ನಮ್ಮೂರಲ್ಲಿ ಗೋಡೆ ಮುಂದೆ ಕೂರುವುದು ಅಮ್ಮ, ಅತ್ತೆ, ಅಜ್ಜಿ, ದೊಡ್ಡಮ್ಮ.

ಬಣ್ಣ ಎಲ್ಲ ಅಡುಗೆಮನೆ, ಹಿತ್ತಲು, ಗದ್ದೆಯದೇ. ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟು. ಕೆಂಪಿಗೆ ಕೆಮ್ಮಣ್ಣು. ಹಳದಿಗೆ ಗುರಿಗೆ ಕಾಯಿಯ ಬೀಜ. ಕಪ್ಪು ಮಾಡುವುದು ನೋಡಬೇಕು. ಬಾಣಲೆಯಲ್ಲಿ ಅಕ್ಕಿ ಹಾಕಿ ಸಣ್ಣ ಉರಿಯಲ್ಲಿ ಹುರಿಯುತ್ತಾ ಹೋಗುತ್ತಾರೆ, ಮೊದಲು ಕೆಂಚಗೆ ಆಗುತ್ತದೆ, ಆಮೇಲೆ ಹೊಗೆ ಬಂದು ಕಂದು, ಕೊನೆಗೆ ಇದ್ದಿಲ ಹಾಗೆ ಕಪ್ಪು. ಒಂದು ಕಾಳೂ ಬೆಳ್ಳಗೆ ಉಳಿಯಬಾರದು, ಉಳಿದರೆ ಅರೆದಾಗ ಬಣ್ಣ ಬೂದಿಯಾಗುತ್ತದೆ. ಅದನ್ನು ನೀರಲ್ಲಿ ನೆನೆಸಿ ಒರಳಲ್ಲಿ ಅರೆದರೆ ಗಟ್ಟಿ ಕಪ್ಪು. ಒಂದೇ ಅಕ್ಕಿಯಿಂದ ಬಿಳಿಯೂ ಬರುತ್ತದೆ, ಕಪ್ಪೂ ಬರುತ್ತದೆ. ಬರೆಯುವುದಕ್ಕೆ ಪುಂಡಿ ನಾರು. ನಾರಿನ ಎಳೆಗಳನ್ನು ಕಟ್ಟಿ ತುದಿ ಜಜ್ಜಿ ಕುಂಚ ಮಾಡಿಕೊಳ್ಳುತ್ತಾರೆ. ಸಣ್ಣ ಗೆರೆಗೆ ತೆಳುವಾದದ್ದು, ದಪ್ಪ ಗೆರೆಗೆ ಬೇರೆ. ಅಳತೆಗೋಲು ಇಲ್ಲ, ಪೆನ್ಸಿಲ್ ಗುರುತು ಇಲ್ಲ. ಮೊದಲು ಹೊರಗಿನ ಚೌಕ, ಆಮೇಲೆ ಒಳಗೆ ಎಳೆ ಮೇಲೆ ಎಳೆ. ಮೂಲೆಆರತಿ, ನಿಲಿಕೋಚು, ಜೋಗಿಜಡೆ, ಬಾಸಿಂಗ, ಹೀಗೆ ಒಂದೊಂದು ನಮೂನೆಗೂ ಹೆಸರು ಇದೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಚಿತ್ತಾರ ಗೋಡೆಗೆ ಮಾತ್ರ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲೇ ಬುಟ್ಟಿಗೂ ಬರೆಯುತ್ತೇವೆ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಭೂಮಣ್ಣಿ ಬುಟ್ಟಿ ಅಂತ ಇರುತ್ತದೆ. ದಸರೆ ಹೊತ್ತಿಗೆ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತೇವೆ. ಅದರ ಮೇಲೆ ಅಕ್ಕಿ ಹಿಟ್ಟಲ್ಲಿ ಭತ್ತದ ಸಸಿ, ಎಳೆ, ಚುಕ್ಕಿ ಎಲ್ಲ ಬರೆಯುತ್ತೇವೆ. ಬುಟ್ಟಿ ಗುಂಡಗೆ ಇರುವುದರಿಂದ ಗೆರೆ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಕೂಡಬೇಕು, ಗೋಡೆಗಿಂತ ಅದು ಕಷ್ಟ. ಆಶ್ವಯುಜ ಹುಣ್ಣಿಮೆ ರಾತ್ರಿ ಇಡೀ ಅಡುಗೆ ಮಾಡಿ, ಬೆಳಗಾಗುವ ಮುಂಚೆ ಅದೇ ಬುಟ್ಟಿಯಲ್ಲಿ ತುಂಬಿಕೊಂಡು ಗದ್ದೆಗೆ ಹೋಗಿ ಬೀರುತ್ತಾರೆ. ಆಗ ಭತ್ತ ಹೊಡೆ ತುಂಬುವ ಕಾಲ, ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಮೇಲೆ ಚಿತ್ತಾ ಮಳೆ ಅಂದಿರಲ್ಲ, ಹೆಚ್ಚುಕಡಿಮೆ ಅದೇ ಹೊತ್ತು.

ಹಾಗಾಗಿ ಮಡಿಕೆ ಮೇಲಿನದ್ದನ್ನು ಚಿತ್ತಾರ ಅಂತ ಧೈರ್ಯವಾಗಿ ಕರೆಯಿರಿ. ನನ್ನ ತಕರಾರು ಒಂದೇ. "ಹಸೆ ಚಿತ್ತಾರ", "ದೀವರ ಚಿತ್ತಾರ" ಅಂತ ಮಾತ್ರ ಸುಮ್ನೆ ಬರೆಸಬೇಡಿ. ಅದು ಒಂದು ಜನ, ಒಂದು ಸಂದರ್ಭ, ಒಂದು ಕ್ರಮಕ್ಕೆ ಸೇರಿದ ಹೆಸರು. ಈಗ ಮದುವೆ ಮಂಟಪಗಳಲ್ಲಿ ಹಿಂದುಗಡೆ ಫ್ಲೆಕ್ಸ್ ಕಟ್ಟಿ ಅದಕ್ಕೆ ಹಸೆ ಚಿತ್ತಾರ ಅಂತಾರೆ. ಹತ್ತಿರ ಹೋಗಿ ನೋಡಿದರೆ ಎಲ್ಲಿಂದಲೋ ತೆಗೆದ ಚೂರನ್ನೇ ಹತ್ತು ಕಡೆ ಅಂಟಿಸಿರುತ್ತಾರೆ, ಮೂಲೆಗೆ ಬರಬೇಕಾದ ಆರತಿ ನಡುವೆ ಕೂತಿರುತ್ತದೆ. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ತುಂಗಭದ್ರಾ_ದಂಡೆ:

ಅಕ್ಕಾರ, ಭಾಳ ಚೆನ್ನಾಗಿ ಬರೆದಿದ್ದೀರಿ. ಅಕ್ಕಿ ಹುರಿದು ಕಪ್ಪು ಮಾಡುವುದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಕಡೆಯ ಮಾತೂ ಒಂದು ಇರಲಿ. ಕೊಪ್ಪಳ ಹತ್ತಿರ ಕಿನ್ನಾಳ ಅಂತ ಊರಿದೆ. ಅಲ್ಲಿ ಬಣ್ಣದ ಕೆಲಸ ಮಾಡುವವರನ್ನು ಚಿತ್ರಗಾರರು ಅನ್ನುತ್ತಾರೆ, ಅದೇ ಅವರ ಮನೆತನದ ಹೆಸರು. ಕಿನ್ನಾಳ ಗೊಂಬೆ ಅಂದರೆ ಹೆಸರುವಾಸಿ, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ವಿಜಯನಗರದ ಕಾಲದಿಂದ ಬಂದ ಕೆಲಸ, ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ ಬರೆದವರು ನಮ್ಮ ಹಿರಿಯರೇ ಅಂತ ಅಲ್ಲಿನವರು ಹೇಳುತ್ತಾರೆ. ಪದಸಂಚಿಯವರು ಚಿತ್ರಗಾರ, ಚಿತ್ತಾರ ಎರಡೂ ಒಂದೇ ತಾಯಿಯ ಮಕ್ಕಳು ಅಂದರಲ್ಲ, ಒಂದು ಮಗು ಮಲೆನಾಡಿಗೆ ಹೋಯಿತು, ಇನ್ನೊಂದು ನಮ್ಮಲ್ಲಿ ಉಳಿಯಿತು.

ಆದರೆ ವ್ಯತ್ಯಾಸ ಇದೆ, ಅದನ್ನು ಹೇಳಲೇಬೇಕು. ಕಿನ್ನಾಳದಲ್ಲಿ ಬಣ್ಣ ಕೊನೆಯ ಹಂತ. ಮೊದಲು ಹಗುರ ಕಟ್ಟಿಗೆ ಕೆತ್ತಿ ತುಂಡು ತುಂಡು ಜೋಡಿಸುತ್ತಾರೆ. ಸಂದಿಗೆ ಹುಣಸೆ ಬೀಜದ ಅಂಟಿನಲ್ಲಿ ಕಟ್ಟಿಗೆ ಹೊಟ್ಟು ಕಲಸಿ ತುಂಬುತ್ತಾರೆ. ಮೇಲೆ ಬಟ್ಟೆ ಚೂರು, ನಾರು ಅಂಟಿಸಿ ನುಣ್ಣಗೆ ಮಾಡಿ ಬಿಳಿ ಬಳಿಯುತ್ತಾರೆ. ಆಮೇಲೆ ಬಣ್ಣ. ಗರುಡ, ಹನುಮಂತ, ದೇವರ ಮೂರ್ತಿ, ಪಲ್ಲಕ್ಕಿ, ಹೀಗೆ. ಅಲ್ಲಿ ಮುಖಕ್ಕೆ ಕಣ್ಣು ಬರೆಯುವುದನ್ನು ಚಿತ್ತಾರ ಅನ್ನುವುದಿಲ್ಲ. ದೇವರ ಸೀರೆಯ ಅಂಚು, ಪಲ್ಲಕ್ಕಿಯ ಪಟ್ಟಿ, ಮಣೆಯ ಮೇಲಿನ ಬಳ್ಳಿ, ಇಂಥದ್ದನ್ನು ನೋಡಿ "ಎಷ್ಟು ಚಂದ ಚಿತ್ತಾರ ತೆಗೆದಾರ" ಅಂತೀವಿ. ಅಂದರೆ ತುಂಬುವ ಕೆಲಸ, ಮೆರುಗು ಕೊಡುವ ಕೆಲಸ. ಪಾಸ್‌ಪೋರ್ಟ್ ಫೋಟೋ ಮಾತು ಅದಕ್ಕೇ ನನಗೆ ಹಿಡಿಸಿತು.

ಮತ್ತೆ ನಮ್ಮಲ್ಲಿ "ಚಿತ್ತಾರ ತೆಗಿ" ಅನ್ನುತ್ತೇವೆ. ಬರೆಯುವುದೂ ಅಲ್ಲ, ಬಿಡಿಸುವುದೂ ಅಲ್ಲ.

ಕರಡು_ತಿದ್ದುವಾಕೆ:

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಪಟಾಕಿಗೂ ಚಿತ್ತಾರ, ಮೋಡಕ್ಕೂ ಚಿತ್ತಾರ ಅಂದಿರಲ್ಲ, ಅಂಥ ತಲೆಬರಹ ದಿನಾ ಕಣ್ಣಿಗೆ ಬೀಳುತ್ತದೆ. ನಾನು ಅದನ್ನು ಪೂರ್ತಿ ಬೇಡ ಅನ್ನುವುದಿಲ್ಲ. ರಾತ್ರಿ ಆಕಾಶದಲ್ಲಿ ಬಣ್ಣದ ಕಿಡಿ ಹರಡಿ ಗೆರೆಗೆರೆಯಾಗಿ ಇಳಿಯುವುದಕ್ಕೆ ಚಿತ್ತಾರ ಅನ್ನುವುದು ಸರಿಯಾಗಿಯೇ ಕೂರುತ್ತದೆ, ಏಕೆಂದರೆ ಅಲ್ಲಿ ಒಂದು ಹಿನ್ನೆಲೆ ಇದೆ, ಅದರ ಮೇಲೆ ಗೆರೆ, ಬಣ್ಣ ಮೂಡುತ್ತದೆ. ದಸರೆಯ ದೀಪಾಲಂಕಾರಕ್ಕೂ ಹಾಗೇ. ಆದರೆ ಈಗ "ಭಾವನೆಗಳ ಚಿತ್ತಾರ", "ರುಚಿಗಳ ಚಿತ್ತಾರ", "ಕ್ರಿಕೆಟ್ ಚಿತ್ತಾರ" ಅಂತ ಬರೆಯುತ್ತಾರೆ. ಇದರಿಂದ ಪದ ಸವೆಯುತ್ತದೆ. ಕಣ್ಣಿಗೆ ಕಾಣುವ ನಮೂನೆ ಇಲ್ಲದ ಕಡೆ ಚಿತ್ತಾರ ಅನ್ನುವುದು ನನಗೆ ಹಿಡಿಸುವುದಿಲ್ಲ. ನನ್ನ ಕೈಗೆ ಬಂದಾಗಲೆಲ್ಲ ಅಂಥವನ್ನು ಹೊಡೆದು ಹಾಕುತ್ತೇನೆ.

ಕ್ರಿಯಾಪದದ ಪ್ರಶ್ನೆ ತುಂಬಾ ಒಳ್ಳೆಯದು. ಒಂದೊಂದು ಅಲಂಕಾರಕ್ಕೂ ಕನ್ನಡದಲ್ಲಿ ಅದರದೇ ಕ್ರಿಯಾಪದ ಇದೆ. ರಂಗೋಲಿ ಹಾಕುತ್ತೇವೆ, ಇಡುತ್ತೇವೆ, ಬಿಡಿಸುತ್ತೇವೆ. ಕಸೂತಿ ಹಾಕುತ್ತೇವೆ. ಮದರಂಗಿ ಹಚ್ಚುತ್ತೇವೆ. ಹಸೆ ಬರೆಯುತ್ತೇವೆ. ಚಿತ್ತಾರಕ್ಕೆ ಬರೆ, ಬಿಡಿಸು, ತೆಗೆ, ಮೂಡಿಸು ಎಲ್ಲವೂ ಬಳಕೆಯಲ್ಲಿವೆ. ಮಲೆನಾಡಿನಲ್ಲಿ ಬರೆ. ಮೇಲೆ ತುಂಗಭದ್ರಾ_ದಂಡೆ ಹೇಳಿದ ಹಾಗೆ ಉತ್ತರದ ಕಡೆ ತೆಗೆ. ಬೆಂಗಳೂರು, ಮೈಸೂರು ಕಡೆ ಬಿಡಿಸು ಜಾಸ್ತಿ. ಯಾವುದೂ ತಪ್ಪಲ್ಲ. ಮುದ್ರಣದಲ್ಲಿ "ಚಿತ್ತಾರ ಮಾಡು" ಅಂತ ಮಾತ್ರ ಬರೆಯಬೇಡಿ, ಅದು ಯಾವ ಸೀಮೆಯ ಕನ್ನಡವೂ ಅಲ್ಲ.

ಇನ್ನೊಂದು ಸೂಕ್ಷ್ಮ. ಕಸೂತಿಯನ್ನು ಕೆಲವರು "ಸೀರೆಯ ಮೇಲಿನ ಚಿತ್ತಾರ" ಅನ್ನುತ್ತಾರೆ. ವರ್ಣನೆಯಾಗಿ ಸರಿ. ಆದರೆ ಧಾರವಾಡದ ಕಸೂತಿಗೆ ಅದರದೇ ಶಬ್ದಭಂಡಾರ ಇದೆ. ಗವಂತಿ, ಮುರ್ಗಿ, ನೇಗಿ, ಮೆಂಥಿ ಅಂತ ಹೊಲಿಗೆಗಳು. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಅಂತ ನಮೂನೆಗಳು. ದಾರಕ್ಕೆ ಗಂಟು ಹಾಕದೆ ಬಟ್ಟೆಯ ಎಳೆ ಎಣಿಸಿಕೊಂಡು ಹಾಕುವ ಕೆಲಸ ಅದು, ಗವಂತಿ, ಮುರ್ಗಿ ಹೊಲಿಗೆಗಳಂತೂ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುತ್ತವೆ. ಅಂಥ ಕಡೆ ಚಿತ್ತಾರ ಅಂತ ಬರೆದು ಸುಮ್ಮನಾಗುವ ಬದಲು ಆ ಹೆಸರುಗಳನ್ನೇ ಬರೆದರೆ ಓದುವವರಿಗೆ ಏನಾದರೂ ಸಿಗುತ್ತದೆ. ಹಸೆ ಚಿತ್ತಾರದ ಬಗ್ಗೆ ಸಾಗರದವರು ಹೇಳಿದ್ದೂ ಇದೇ ಅಂತ ನಾನು ಅಂದುಕೊಂಡೆ.

ಮಡಿಕೆ_ಕುಡಿಕೆ:

ಇಷ್ಟೆಲ್ಲ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿಗೆ ಎಲ್ಲವನ್ನೂ ಓದಿ ಹೇಳಿದೆ. ಚಿತ್ತಾರ ಅಂದರೆ ಮೊದಲು ಬರೆಯುವವರ ಹೆಸರಾಗಿತ್ತು ಅಂದಾಗ ಅವಳಿಗೆ ಭಾರೀ ಖುಷಿ. ದೊಡ್ಡಪ್ಪನಿಗೆ ಭೂಮಣ್ಣಿ ಬುಟ್ಟಿಯ ವಿಷಯ ಹೇಳಿದೆ, ಅವರು ಒಪ್ಪಿದರು.

ಈಗ ಅವಳದೇ ಪ್ರಶ್ನೆ ಎರಡು ಇವೆ. ಒಂದು, ಅವಳ ಕೆಲವು ಮಡಿಕೆಗಳಲ್ಲಿ ಕೆಂಪು ಮೈ ಮೇಲೆ ಬಿಳಿಯಲ್ಲಿ ಸಣ್ಣ ಸಣ್ಣ ಮನುಷ್ಯರು ಕೈಕೈ ಹಿಡಿದು ಕುಣಿಯುವ ಹಾಗೆ ಬರೆದಿದ್ದಾಳೆ. ಕೊಳ್ಳುವವರು ಅದನ್ನು "ನಮ್ಮ ಮಲೆನಾಡ ಚಿತ್ತಾರ" ಅನ್ನುತ್ತಾರಂತೆ. ಅದು ವಾರ್ಲಿ ಅಲ್ವಾ? ಎರಡು, ಜೋಗಿಜಡೆಯಂಥ ನಮೂನೆಯನ್ನು ಮಡಿಕೆ ಮೇಲೆ ಬರೆಯಬಹುದಾ, ಬರೆದರೆ ಹೇಗೆ ಹೇಳಬೇಕು?

ಸಾಗರ_ಸೀಮೆಯವಳು:

ಅದು ವಾರ್ಲಿಯೇ. ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ವಾರ್ಲಿ ಜನರ ಕಲೆ. ಅಲ್ಲೂ ಮಣ್ಣಿನ ಗೋಡೆ, ಅಲ್ಲೂ ಅಕ್ಕಿ ಹಿಟ್ಟಿನ ಬಿಳಿ, ಅಲ್ಲೂ ಮದುವೆ. ಅದಕ್ಕೇ ದೂರದಿಂದ ನೋಡಿದವರಿಗೆ ಒಂದೇ ಅನ್ನಿಸುತ್ತದೆ. ಹತ್ತಿರ ಬಂದು ನೋಡಿ. ವಾರ್ಲಿಯಲ್ಲಿ ಮನುಷ್ಯನ ಮೈ ಎರಡು ತ್ರಿಕೋನ ಸೇರಿ ಆಗಿರುತ್ತದೆ, ತಲೆ ಒಂದು ದುಂಡು. ಬೇಟೆ, ಕುಣಿತ, ಹೊಲದ ಕೆಲಸ ಎಲ್ಲ ಕಥೆಯ ಹಾಗೆ ಹರಡಿಕೊಂಡಿರುತ್ತದೆ. ನಮ್ಮ ಹಸೆಯಲ್ಲಿ ಮೊದಲು ಕಾಣುವುದು ಚೌಕ ಮತ್ತು ಎಳೆ. ಗೊಂಬೆಗಳು ಇದ್ದರೂ ಎಳೆಗಳ ಒಳಗೆ ಸಾಲಾಗಿ ಇರುತ್ತವೆ, ಸುಮ್ನೆ ಓಡಾಡುವುದಿಲ್ಲ. ನಮ್ಮದನ್ನು "ಕರ್ನಾಟಕದ ವಾರ್ಲಿ" ಅನ್ನುವವರಿದ್ದಾರೆ. ಇದು ನಮಗೂ ಅನ್ಯಾಯ, ವಾರ್ಲಿ ಜನಕ್ಕೂ ಅನ್ಯಾಯ. ನಿಮ್ಮ ತಂಗಿ ಆ ಮಡಿಕೆಯ ಚೀಟಿಯಲ್ಲಿ "ವಾರ್ಲಿ ಮಾದರಿ" ಅಂತಲೇ ಬರೆಯಲಿ, ಕೊಳ್ಳುವವರಿಗೂ ಗೊತ್ತಾಗಲಿ.

ಜೋಗಿಜಡೆ ಬರೆಯಬೇಕು ಅಂತ ಆಸೆ ಇದ್ದರೆ ಖಂಡಿತ ಬರೆಯಲಿ. ಬರೆಯುವುದನ್ನು ಕಲಿತು ಬರೆದರೆ ನಮಗೆ ಸಂತೋಷವೇ. ಆದರೆ ಫೋನಿನಲ್ಲಿ ಫೋಟೋ ನೋಡಿ ಬರೆದರೆ ಎಳೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ, ಮುಗಿದ ಚಿತ್ತಾರದಲ್ಲಿ ಮೊದಲ ಗೆರೆ ಯಾವುದು ಅಂತ ಕಾಣುವುದೇ ಇಲ್ಲ. ಯಾರಾದರೂ ಚಿತ್ತಾರಗಿತ್ತಿಯ ಪಕ್ಕ ಕೂತು ಒಂದು ಚೌಕ ಬರೆದು ನೋಡಲಿ. ಸಾಗರದ ಕಡೆ ಬಂದರೆ ಹೇಳಿಕೊಡುವ ಹೆಂಗಸರು ಸಿಗುತ್ತಾರೆ. ಕಲಿತ ಮೇಲೆ "ದೀವರ ಚಿತ್ತಾರದ ಜೋಗಿಜಡೆ ನಮೂನೆ" ಅಂತ ಚೀಟಿ ಅಂಟಿಸಲಿ, ಕಲಿಸಿದವರು ಒಪ್ಪಿದರೆ ಅವರ ಹೆಸರನ್ನೂ ಹಾಕಲಿ.

ಬಣ್ಣದ ಬಗ್ಗೆ ಒಂದು ಮಾತು. ಅಕ್ಕಿ ಹಿಟ್ಟಿನ ಬಣ್ಣ ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಗೋಡೆಗೆ, ಬುಟ್ಟಿಗೆ ಅದು ಸರಿ, ಮತ್ತೆ ಹಬ್ಬ ಬಂದಾಗ ಹೊಸದಾಗಿ ಬರೆಯುತ್ತೇವೆ. ನೀರು ತುಂಬುವ ಹೂಜಿಗೆ ಅದು ಆಗಿಬರುವುದಿಲ್ಲ. ಅದಕ್ಕೆ ಅವಳು ಈಗ ಬಳಸುವ ಬಣ್ಣವೇ ಇರಲಿ.

ಪದಸಂಚಿ:

ಬೋರ್ಡಿಗೆ ನನ್ನದೊಂದು ಸಲಹೆ. ಮೇಲೆ ದೊಡ್ಡದಾಗಿ "ಚಿತ್ತಾರದ ಮಡಿಕೆ, ಹಣತೆ, ಹೂಜಿ". ಕೆಳಗಿನ ಸಾಲಿನಲ್ಲಿ "ಕೈಯಲ್ಲಿ ಬರೆದದ್ದು" ಅಂತ ಹಾಕಿ, ಮುಂದೆ ನಿಮ್ಮ ತಂಗಿಯ ಹೆಸರು ಬರೆಸಿ. "ಮಡಿಕೆಗಳು" ಅಂತ ಬಹುವಚನ ಬೇಕಿಲ್ಲ, ಸಂತೆಯ ಕನ್ನಡದಲ್ಲಿ ಏಕವಚನವೇ ಚೆಂದ.

ಕರಡು_ತಿದ್ದುವಾಕೆ:

ಒಪ್ಪಿದೆ. ಬರೆಸುವ ಮುಂಚೆ ಒತ್ತಕ್ಷರ ಒಂದು ಸಲ ನೋಡಿಕೊಳ್ಳಿ. ಬೋರ್ಡ್ ಬರೆಯುವವರು "ಚಿತಾರ" ಅಂತ ಒತ್ತು ಬಿಟ್ಟು ಬರೆದದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ತಕಾರಕ್ಕೆ ತಕಾರದ ಒತ್ತು ಇರಲೇಬೇಕು.